ಸರ್ವಾನುಮತ ಎಂದು ಬರೆದ ವಸಂತ

ಇದನ್ನು ಹೇಳಬೇಕೆಂದುಕೊಂಡು ಇಪ್ಪತ್ತೈದು ವರ್ಷಗಳಾದವು. ಮೊಮ್ಮಗಳು ದೊಡ್ಡವಳಾಗಲಿ ಎಂದು ಮೊದಲು ಮುಂದೂಡಿದೆ. ಆಮೇಲೆ, ಹೆಂಡತಿಯ ಕಿವಿಗೆ ಬೀಳುವುದು ಬೇಡ ಎಂದು ಮುಂದೂಡಿದೆ. ಹೆಂಡತಿ ಹೋಗಿ ಆರು ವರ್ಷವಾಯಿತು. ಮೊಮ್ಮಗಳಿಗೆ ಕಿವಿಯ ಪಕ್ಕದಲ್ಲಿ ಎರಡು ಬಿಳಿ ಕೂದಲು ಬಂದಿವೆ. ಇನ್ನು ನನ್ನ ಹತ್ತಿರ ನೆವಗಳಿಲ್ಲ.

ಹೇಳಬೇಕಾದದ್ದು ಇಷ್ಟು. ಒಂದು ಸಭೆಯಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತು, ‘ನಾ ಒಪ್ಪಿಲ್ಲ ಅಂತ ನನ್ನ ಹೆಸರು ಹಚ್ಚಿ ಬರೀರಿ’ ಎಂದು ಕೇಳಿದರು. ಪುಸ್ತಕವೂ ಪೆನ್ನೂ ನನ್ನ ಕೈಯಲ್ಲಿದ್ದವು. ನಾನು ತಲೆಯಾಡಿಸಿದೆ. ಆದರೆ ಬರೆಯಲಿಲ್ಲ.

ನಾವೀಗ ಇರುವ, ಟೆಕ್ಸಸ್ಸಿನ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಫೆಬ್ರವರಿ ಮುಗಿಯುವ ಹೊತ್ತಿಗೆ ಮೌಂಟನ್ ಲಾರೆಲ್ ಗಿಡಗಳು ಹೂ ಬಿಡುತ್ತವೆ. ಹೆಸರು ದೊಡ್ಡದು, ಗಿಡ ಸಣ್ಣದು. ನಮ್ಮ ಕಡೆಯ ಹೊಂಗೆಯ ಕುಳ್ಳ ತಮ್ಮನ ಹಾಗೆ ಕಾಣುತ್ತದೆ. ನೇರಳೆ ಬಣ್ಣದ ಗೊಂಚಲುಗಳು ಇಳಿಬಿದ್ದಾಗ ಬೀದಿಗೆ ಬೀದಿಯೇ ದ್ರಾಕ್ಷಿ ಪೆಪ್ಪರ್‌ಮಿಂಟಿನ ವಾಸನೆ ಹೊಡೆಯುತ್ತದೆ. ಹೂವಿನ ವಾಸನೆ ಅನ್ನುವುದಕ್ಕಿಂತ ಮಕ್ಕಳ ಜೇಬಿನ ವಾಸನೆ ಅನ್ನಬೇಕು. ಈ ವರ್ಷ ಬೆಳಗಿನ ವಾಕಿಂಗ್‌ನಲ್ಲಿ ಮೂರನೇ ಮನೆಯ ತಿರುವಿನಲ್ಲಿ ಅದು ಮುಖಕ್ಕೆ ಬಂದು ತಾಕಿತು. ಕೋಲೂರಿ ನಿಂತುಬಿಟ್ಟೆ. ಕಣ್ಣು ಮುಚ್ಚಿದರೆ ಡಲ್ಲಾಸಿನ ಆ ತೊರೆ, ನೀರಿನ ಮೇಲೆ ಅಲ್ಲಾಡುವ ಬಿಸಿಲು, ಸಾಲಿಲ್ಲದೆ ನಡೆಯುವ ಹದಿನಾಲ್ಕು ಮಕ್ಕಳು, ಅವರ ನಡುವೆ ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದಿದ್ದ ಟೀಚರ್.

ಅದು ೧೯೯೯ರ ವಸಂತ. ನನಗಾಗ ಐವತ್ತೈದು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ತಿಪಟೂರಿನ ಹತ್ತಿರ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೆ. ನನ್ನ ಅಕ್ಷರ ಮುತ್ತಿನಂತಿದೆ ಎಂದು ಸಂಘದ ನಡವಳಿ ಪುಸ್ತಕ ನನಗೇ ಬಂದಿತ್ತು. ಅಲ್ಲಿ ನಡವಳಿ ಬರೆಯುವ ಪದ್ಧತಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ಸಭೆಯ ಹಿಂದಿನ ದಿನವೇ ಗೊತ್ತುವಳಿಯನ್ನು ಪೂರ್ತಿ ಬರೆದಿಡುತ್ತಿದ್ದೆವು. ಸೂಚಿಸಿದವರು, ಅನುಮೋದಿಸಿದವರು ಎಂಬಲ್ಲಿ ಮಾತ್ರ ಜಾಗ ಖಾಲಿ. ಕೊನೆಯ ಸಾಲು ಯಾವಾಗಲೂ ಒಂದೇ: ‘ಸರ್ವಾನುಮತದಿಂದ ಅಂಗೀಕರಿಸಲಾಯಿತು.’ ಸಭೆಯಲ್ಲಿ ಚಪ್ಪಲಿ ಹಾರಿದರೂ ಪುಸ್ತಕದಲ್ಲಿ ಸರ್ವಾನುಮತವೇ. ಹದಿನೆಂಟು ವರ್ಷ ಹಾಗೆ ಬರೆದೆ. ಒಂದು ಪುಟದಲ್ಲೂ ಹೊಡೆದುಹಾಕಿದ ಗುರುತಿರಲಿಲ್ಲ.

ನಮ್ಮಕ್ಕ ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳು ಅರ್ಜಿ ಹಾಕಿ ನಮ್ಮನ್ನು ಕರೆಸಿಕೊಂಡಳು. ಹ್ಯೂಸ್ಟನ್ನಿನ ಸೆಕೆಯಲ್ಲಿ ನಾಲ್ಕು ವರ್ಷ ಏನೇನೋ ಕೆಲಸ ಮಾಡಿ, ಮಗಳ ಮದುವೆಯಾದ ಮೇಲೆ ಅವಳ ಹಿಂದೆಯೇ ಡಲ್ಲಾಸಿಗೆ ಬಂದೆ. ಮಗಳು, ಅಳಿಯ ಪಕ್ಕದ ಫ್ಲವರ್ ಮೌಂಡ್‌ನಲ್ಲಿ ಮನೆ ಮಾಡಿದರು. ನಾವಿಬ್ಬರೂ ಅವರ ಜೊತೆಗಿದ್ದೆವು. ನನಗೆ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ, ಎಲ್‌ಬಿಜೆ ಹೆದ್ದಾರಿಯ ಬದಿಯ ಒಂದು ದೊಡ್ಡ ಆಫೀಸು ಕಟ್ಟಡದಲ್ಲಿ ಕೆಲಸ ಸಿಕ್ಕಿತು. ಟಪಾಲು ಕೋಣೆಯಲ್ಲಿ. ಬಂದ ಕಾಗದಗಳನ್ನು ವಿಂಗಡಿಸಿ, ಒಂದು ತಳ್ಳುಗಾಡಿಯಲ್ಲಿಟ್ಟುಕೊಂಡು, ಐದು ಮಹಡಿಯ ಮೇಜುಗಳಿಗೆ ಹಂಚುವುದು. ಗಾಡಿಯ ಮುಂದಿನ ಎಡಗಾಲಿ ಎಷ್ಟು ಎಣ್ಣೆ ಬಿಟ್ಟರೂ ಕಿರ್ ಎನ್ನುತ್ತಿತ್ತು.

ಊರಿನ ಕನ್ನಡ ಬಳಗದಲ್ಲಿ ನಲವತ್ತು ಮನೆಗಳಿದ್ದವು. ಬೆಂಗಳೂರು, ಮೈಸೂರಿನ ಸಾಫ್ಟ್‌ವೇರ್ ಹುಡುಗರು, ಅವರ ಹೆಂಡತಿಯರು. ಎಲ್ಲರಿಗೂ ಎರಡೆರಡು ಡಿಗ್ರಿ. ಮೊದಲ ದಿನವೇ ಯಾರೋ ಕೇಳಿದರು, “ಅಂಕಲ್, ನೀವು ಯಾವ ಕಂಪನೀಲಿ?” ನಾನು ಕಟ್ಟಡದ ವಿಳಾಸ ಹೇಳಿ, “ಅಡ್ಮಿನಿಸ್ಟ್ರೇಷನ್” ಎಂದೆ. ಹೇಳಿದ್ದು ಅಷ್ಟೇ. ಉಳಿದದ್ದನ್ನು ಅವರೇ ಊಹಿಸಿಕೊಂಡರು. ಮೇಲಿನವರನ್ನು ಕೇಳಿ ಭಾನುವಾರ ಅಲ್ಲಿನ ಸಭಾಕೋಣೆಯನ್ನು ಬಳಗಕ್ಕೆ ಕೊಡಿಸಿದಾಗ ಅವರ ಊಹೆ ಗಟ್ಟಿಯಾಯಿತು. ಬೀಗದ ಕೈ ನನ್ನ ಹತ್ತಿರ. ನಡವಳಿ ಪುಸ್ತಕವೂ ನನ್ನ ಹತ್ತಿರ. “ನಂಜುಂಡಪ್ಪ ಅಂಕಲ್ ಬರೆದರೆ ಪ್ರಿಂಟ್ ಬೇಡ” ಎಂದು ಅಧ್ಯಕ್ಷ ರಘು ಎಲ್ಲರೆದುರು ಹೇಳುತ್ತಿದ್ದ. ಆ ಮಾತು ಕೇಳಿದ ವಾರವೆಲ್ಲ ಗಾಡಿ ಹಗುರವಾಗಿರುತ್ತಿತ್ತು.

ಆ ಜನವರಿಯಲ್ಲಿ ಮಕ್ಕಳ ಕನ್ನಡ ಪಾಠಕ್ಕೆ ಹೊಸ ಟೀಚರ್ ಬಂದರು. ಗದಗಿನ ಕಡೆಯವರು. ಊರಲ್ಲಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರು ಇಲ್ಲಿ ಮತ್ತೆ ಓದಲು ಬಂದಿದ್ದರು. ಮೂವತ್ತರ ಆಚೀಚೆ ವಯಸ್ಸು, ಮದುವೆಯಾಗಿರಲಿಲ್ಲ, ಕಾರಿರಲಿಲ್ಲ. ಎರಡು ಬಸ್ಸು ಬದಲಾಯಿಸಿ ಬಂದು, ಕೊನೆಯ ಒಂದು ಮೈಲಿ ನಡೆಯುತ್ತಿದ್ದರು. ಟೆಕ್ಸಸ್ಸಿನಲ್ಲಿ ನಡೆದು ಬರುವ ಮನುಷ್ಯರನ್ನು ನಾನು ನೋಡಿದ್ದೇ ಕಡಿಮೆ. ನನ್ನನ್ನು ಮಾತ್ರ ಯಾರೂ ಕರೆಯದ ಹಾಗೆ ಕರೆದರು. “ಕಾಕಾ, ಬಾಗಲಾ ನೀವ ತೆಗೀತೀರೇನ್ರಿ?”

ಎರಡನೇ ಭಾನುವಾರವೇ ಮಕ್ಕಳನ್ನು ಕೋಣೆಯಿಂದ ಹೊರಡಿಸಿದರು. ಕಟ್ಟಡದ ಹಿಂದೆ, ಕಾರು ನಿಲ್ಲಿಸುವ ಬಯಲು ದಾಟಿದರೆ ಒಂದು ತೊರೆಯಿತ್ತು. ಏಳು ವರ್ಷ ಅಲ್ಲಿ ಕೆಲಸ ಮಾಡಿಯೂ ನಾನು ಅದನ್ನು ನೋಡಿರಲಿಲ್ಲ.

“ಟೀಚರ್, ವರ್ಣಮಾಲೆ?” ಎಂದೆ.

“ಹುಡುಗ್ರನ್ನ ಒಳಗ ಕುಂಡ್ರಿಸಿ ಹೂವು ಅಂತ ಹತ್ತು ಸಲ ಬರಸೂದಕ್ಕಿಂತ ಹೂವಿನ ಮುಂದ ಕರಕೊಂಡು ಹೋಗೂದು ಚಲೋ ಅಲ್ರೀ? ಬರ್ರಿ ಕಾಕಾ, ನೀವೂ ಬರ್ರಿ. ಒಬ್ಬಾಕಿಗೆ ಇಷ್ಟು ಮಂದಿ ಹಿಡಿಯಾಕ ಆಗಂಗಿಲ್ಲ.”

ಹಾಗೆ ನಾನೂ ಹೋದೆ. ಆ ಭಾನುವಾರಗಳು ಈಗ ಒಂದರೊಳಗೊಂದು ಕರಗಿಹೋಗಿವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲಾರೆ. ಬೆಳಗಿನ ಮಂಜು ತೊರೆಯ ಮೇಲೆ ಹಾಲಿನ ಕೆನೆಯಂತೆ ನಿಂತಿರುತ್ತಿತ್ತು. ಹೆದ್ದಾರಿಯ ಸದ್ದು ಮರಗಳಾಚೆ ದೂರದ ಜಲಪಾತದಂತೆ ಕೇಳುತ್ತಿತ್ತು. ಆಮೆಗಳು ದಿಮ್ಮಿಯ ಮೇಲೆ ಸಾಲಾಗಿ ಕೂತು ಬಿಸಿಲು ಕಾಯುತ್ತಿದ್ದವು. ಯಾರೋ ನೆಟ್ಟಿದ್ದ ಎರಡು ಮೌಂಟನ್ ಲಾರೆಲ್‌ಗಳ ಕೆಳಗೆ ಮಕ್ಕಳು ಮೂಗೆತ್ತಿ ನಿಲ್ಲುತ್ತಿದ್ದರು. ಟೀಚರ್ ಪಾಠ ಮಾಡುತ್ತಿರಲಿಲ್ಲ, ಬರೀ ಕೇಳುತ್ತಿದ್ದರು. “ಏನ ಕಂಡಿ? ನಿನಗ ಹ್ಯಾಂಗ ಕಂಡ್ತು ಹಂಗ ಹೇಳು. ಅವನ ಹಂಗ ಬ್ಯಾಡ.” ಮಕ್ಕಳು ಮೊದಲು ಇಂಗ್ಲಿಷಿನಲ್ಲೇ ಹೇಳಿದರು. ಆಕೆ ಬೇಡ ಅನ್ನಲಿಲ್ಲ. ಬೇಕಾದ ಕನ್ನಡದ ಮಾತನ್ನು ಮೆಲ್ಲಗೆ ಕೈಗಿಡುತ್ತಿದ್ದರು, ಊಟಕ್ಕೆ ಕೂತವರ ಎಲೆಗೆ ಉಪ್ಪು ಬಡಿಸಿದ ಹಾಗೆ.

ನನ್ನ ಮೊಮ್ಮಗಳು ಮೇಘಾಗೆ ಆಗ ಎಂಟು ವರ್ಷ. ನಾವು ಕನ್ನಡದಲ್ಲಿ ಮಾತಾಡಿದರೆ ಅವಳಿಗೆ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಫೆಬ್ರವರಿಯ ಒಂದು ಭಾನುವಾರ ತೊರೆಯ ದಂಡೆಯಲ್ಲಿ ನನ್ನ ಬೆರಳು ಹಿಡಿದೆಳೆದು, “ತಾತ, ನೋಡು, ಆಮೆಗೆ ಭಯ ಆಯ್ತು. ನಾನಲ್ಲ, ಅವನು ಕೂಗಿದ್ದು” ಎಂದಳು. ಒಟ್ಟಿಗೇ ಮೂರು ವಾಕ್ಯ! ನಾನು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಮಕ್ಕಳು ಆಡಿಕೊಂಡಿರುವಾಗ ಟೀಚರ್ ತಮ್ಮ ಓದಿನ ಬಗ್ಗೆ ಹೇಳುತ್ತಿದ್ದರು. ನೂರೈವತ್ತು ವರ್ಷಗಳ ಹಿಂದೆ ಈ ದೇಶದ ಈಶಾನ್ಯದ ಮೂಲೆಯಲ್ಲಿ ಕೆಲವರಿದ್ದರಂತೆ. ಅವರಿಗೊಂದು ಹೆಸರು, ಟ್ರಾನ್ಸೆಂಡೆಂಟಲಿಸ್ಟರು. ನಾನು ನಾಲ್ಕು ಸಲ ಹೇಳಿಸಿಕೊಂಡೆ, ನಾಲಿಗೆ ತಿರುಗಲಿಲ್ಲ. “ಹೆಸರು ಬಿಡ್ರಿ ಕಾಕಾ, ಅವರ ಮಾತು ಕೇಳ್ರಿ” ಎಂದು ನಕ್ಕರು. ಚರ್ಚು ಹೇಳಿದ್ದು, ಪುಸ್ತಕ ಹೇಳಿದ್ದು, ನಾಲ್ಕು ಜನ ಹೇಳಿದ್ದು, ಇವೆಲ್ಲಕ್ಕಿಂತ ಮೊದಲು ಮನುಷ್ಯ ತನ್ನೊಳಗೆ ಹೊಳೆದದ್ದನ್ನು ನಂಬಬೇಕು ಎಂದವರು ಅವರು. ಎಲೆಯಲ್ಲಿ, ನೀರಿನಲ್ಲಿ, ಮನುಷ್ಯನಲ್ಲಿ ಇರುವ ಚೈತನ್ಯ ಒಂದೇ. ಹಾಗಾಗಿ ಒಳಗೆ ನಿಜವಾಗಿ ಕಿವಿಗೊಟ್ಟವನಿಗೆ ಕೇಳುವುದು ಅವನೊಬ್ಬನ ಮಾತಲ್ಲವಂತೆ. ನಮ್ಮ ಗೀತೆ, ಉಪನಿಷತ್ತು ಹಡಗಿನಲ್ಲಿ ಅವರವರೆಗೂ ಹೋಗಿದ್ದವು ಎಂದಾಗ ನನಗೆ ಯಾಕೋ ಹೆಮ್ಮೆಯಾಯಿತು, ನಾನೇ ಅಂಚೆಗೆ ಹಾಕಿದ್ದೆನೋ ಎಂಬಂತೆ.

ಆದರೂ ನನ್ನೊಳಗಿನ ಗುಮಾಸ್ತ ಸುಮ್ಮನಿರಲಿಲ್ಲ. “ಎಲ್ಲರೂ ಅವರವರ ಮನಸ್ಸಿಗೆ ತೋಚಿದ್ದೇ ಸರಿ ಅಂದರೆ ಊರು ಹೇಗಮ್ಮಾ ನಡೆಯುತ್ತೆ? ನಮ್ಮ ಸೊಸೈಟಿಯಲ್ಲಿ ಇನ್ನೂರು ಜನ ಸದಸ್ಯರು. ಒಬ್ಬೊಬ್ಬ ಒಂದೊಂದು ಅಂದರೆ ಗೊಬ್ಬರ ಹಂಚೋದು ಯಾವಾಗ?”

“ನೀವು ಹಟಮಾರಿಗೋಳ ಬಗ್ಗೆ ಹೇಳಾಕತ್ತೀರಿ,” ಎಂದರು ಟೀಚರ್. “ಅವರು ಮಂದಿ ಕಡೇನ ನೋಡಕೋತ ಇರತಾರ. ಮಂದಿ ಎಡಕ್ಕ ಹೋದ್ರ ಇವರು ಬಲಕ್ಕ. ಅದು ತನ್ನ ತಾ ನಂಬೂದಲ್ರೀ. ಮೊದಲ ತನಗ ಕಂಡದ್ದು ಹೇಳಬೇಕು. ಆಮ್ಯಾಲ ಸೋತ್ರೂ ನಡೀತೈತಿ.” ದಂಡೆಯ ಮೇಲಿನ ಒಂದು ಒಣ ಕಡ್ಡಿ ಎತ್ತಿಕೊಂಡು ಮತ್ತೆ ಹೇಳಿದರು: “ನಮ್ಮಪ್ಪ ಬಾಗಲಾ ಮಾಡಾಂವ. ಒಂದೊಂದು ಕಟಗಿಗೂ ಅದರದ್ದ ಒಂದು ಎಳಿ ಇರತೈತಿ. ಅದನ್ನ ನೋಡದ ಉಜ್ಜಗೊರಡು ಹೊಡದ್ರ ಸಿಬರು ಏಳತಾವ. ಕೈಗೆ ಚುಚ್ಚತಾವ. ಇದನ್ನ ಓದಾಕ ನಾ ಇಷ್ಟು ದೂರ ಬಂದೆ ನೋಡ್ರಿ, ನಮ್ಮಪ್ಪ ಅಂಗಳದಾಗ ಕುಂತು ಹೇಳತಿದ್ದ.”

ಆ ಹೊತ್ತು ನಾನು ಆಕೆಯ ಮಾತನ್ನು ನಂಬಿದೆ. ಅದನ್ನೂ ಬರೆದುಬಿಡುತ್ತೇನೆ. ತೊರೆಯ ದಂಡೆಯಲ್ಲಿ ಕೂತಾಗ ನಾನೂ ಒಂದು ಎಳೆ ಇರುವ ಮರವೇ ಅನ್ನಿಸಿತ್ತು.

ಬಳಗದ ಯುಗಾದಿ ಕಾರ್ಯಕ್ರಮ ಪ್ರತಿ ವರ್ಷ ಏಪ್ರಿಲ್‌ನಲ್ಲಿ. ಮಕ್ಕಳೆಲ್ಲ ಹಳದಿ ಕೆಂಪು ಶಲ್ಯ ಹೊದ್ದು ಎರಡು ಸಾಲಾಗಿ ನಿಂತು, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ ಪದ್ಯವನ್ನು ಒಟ್ಟಿಗೆ ಹೇಳುವುದು ಪದ್ಧತಿ. ಅರ್ಥ ಒಬ್ಬರಿಗೂ ತಿಳಿದಿರುತ್ತಿರಲಿಲ್ಲ. ತಂದೆತಾಯಿಯರು ಕ್ಯಾಮೆರಾ ಹಿಡಿದು ಕಣ್ಣೀರು ಹಾಕುತ್ತಿದ್ದರು. ಈ ಸಲ ಹಾಗೆ ಬೇಡ, ಒಂದೊಂದು ಮಗುವೂ ತಾನು ಕಂಡದ್ದನ್ನು ತನ್ನದೇ ನಾಲ್ಕು ವಾಕ್ಯದಲ್ಲಿ ಹೇಳಲಿ ಎಂದರು ಟೀಚರ್. ಮಕ್ಕಳು ಬರೆದುಕೊಂಡು ಬಂದರು. ಒಬ್ಬ ಹುಡುಗನದು: ‘ಭಾನುವಾರ ನಮ್ಮ ಮನೇಲಿ ಅಮ್ಮ ಅಪ್ಪ ಮಾತಾಡಲ್ಲ. ಟೀವಿ ಮಾತಾಡುತ್ತೆ. ನಾನು ಕೇಳ್ತೀನಿ. ನಾಯಿ ಮಲಗುತ್ತೆ.’ ಓದಿ ನಾನು ಹೊಟ್ಟೆ ತುಂಬ ನಕ್ಕೆ.

ಆಮೇಲೆ ಮೇಘಾ ತನ್ನ ಹಾಳೆ ತಂದು ತೋರಿಸಿದಳು. ಬೇಸಿಗೆ ರಜೆಯಲ್ಲಿ ಒಂದು ದಿನ ಅವಳನ್ನು ಕೆಲಸಕ್ಕೆ ಕರೆದೊಯ್ದಿದ್ದೆ. ಅವಳು ಅದನ್ನು ಮರೆತಿರುತ್ತಾಳೆ ಎಂದುಕೊಂಡಿದ್ದೆ.

‘ತಾತ ಆಫೀಸಲ್ಲಿ ಗಾಡಿ ತಳ್ಳುತ್ತಾರೆ. ಗಾಡಿ ಕಿರ್ ಅನ್ನುತ್ತೆ. ಕಾಗದ ಇಸ್ಕೊಂಡೋರು ತಾತನ ಮುಖ ನೋಡಲ್ಲ. ನಾನು ನೋಡ್ತೀನಿ.’

“ಚೆನ್ನಾಗಿದೆಯಾ, ತಾತ?”

“ಚೆನ್ನಾಗಿದೆ ಪುಟ್ಟಾ” ಎಂದೆ. ನಲವತ್ತು ಮನೆಯವರ ಎದುರು, ಮೈಕಿನ ಮುಂದೆ, ಆ ಮಗು ಇದನ್ನು ಹೇಳುವುದು ಕಣ್ಣಿಗೆ ಕಟ್ಟಿತು.

ಎರಡು ದಿನ ಬಿಟ್ಟು ರಘುವಿಗೆ ಫೋನ್ ಮಾಡಿದೆ. ಮಾಡಿದವನು ನಾನು. ಯಾರೂ ನನ್ನನ್ನು ಕೇಳಿರಲಿಲ್ಲ, ಯಾರೂ ದೂರಿರಲಿಲ್ಲ.

“ಕೆಲವು ಪೇರೆಂಟ್ಸ್ ಬೇಜಾರು ಮಾಡ್ಕೊಂಡಿದ್ದಾರಪ್ಪ. ಮನೆ ವಿಷಯ ಎಲ್ಲ ಮಕ್ಕಳು ಸ್ಟೇಜ್ ಮೇಲೆ ಹೇಳ್ತಾರಂತೆ.”

“ಹೌದಾ ಅಂಕಲ್? ಯಾರ್ಯಾರು?”

“ಹೆಸರು ಬೇಡ ಬಿಡು.”

ಆ ಹುಡುಗನ ಟೀವಿಯ ವಾಕ್ಯಗಳನ್ನು ಓದಿ ಹೇಳಿದೆ. ರಘು ಮೊದಲು ನಕ್ಕ, ಆಮೇಲೆ ನಿಲ್ಲಿಸಿದ. “ಅಯ್ಯೋ, ಅದು ಸುರೇಶನ ಮಗ ಅಲ್ವಾ? ಇದೆಲ್ಲ ಬೇಡ ಅಂಕಲ್. ಮಕ್ಕಳು ಆ ಟೀಚರ್ ಭಾಷೆ ಬೇರೆ ಕಲೀತಿದ್ದಾರೆ, ಐತಿ ಗೀತಿ ಅಂತ. ನೀವೇ ಒಂದು ರೆಸಲ್ಯೂಷನ್ ಬರೆದಿಟ್ಟುಬಿಡಿ. ಭಾನುವಾರ ಮುಗಿಸೋಣ.”

ಶನಿವಾರ ಸ್ನಾನ ಮಾಡಿ, ಮೇಜು ಒರೆಸಿ, ಬರೆದೆ. ಪಾಠ ಇನ್ನು ಮುಂದೆ ಕೋಣೆಯೊಳಗೇ ನಡೆಯತಕ್ಕದ್ದು. ಸಾಮೂಹಿಕ ಪದ್ಯವಾಚನದ ಪರಂಪರೆಯನ್ನು ಮುಂದುವರಿಸತಕ್ಕದ್ದು. ಶಿಕ್ಷಕಿಯವರ ವ್ಯಾಸಂಗದ ಒತ್ತಡವನ್ನು ಮನಗಂಡು ಅವರನ್ನು ಹೊಣೆಯಿಂದ ಬಿಡುಗಡೆಗೊಳಿಸಿ ಕೃತಜ್ಞತೆ ಸಲ್ಲಿಸಲಾಯಿತು. ಸರ್ವಾನುಮತದಿಂದ ಅಂಗೀಕರಿಸಲಾಯಿತು. ಅಷ್ಟು ಚೆಂದದ ಪುಟವನ್ನು ನಾನು ಮತ್ತೆಂದೂ ಬರೆಯಲಿಲ್ಲ.

ಮಾರ್ಚಿನ ಕೊನೆಯ ಭಾನುವಾರ ಅದು. ಮಧ್ಯಾಹ್ನ ಸಭೆ ಶುರುವಾಗುವಾಗಲೇ ಆಕಾಶ ಪಾಚಿ ಬಣ್ಣಕ್ಕೆ ತಿರುಗಿತ್ತು. ಗಾಳಿ ಪೂರ್ತಿ ನಿಂತಿತ್ತು. ಮಕ್ಕಳನ್ನು ಹೊರಗಿನ ಪಡಸಾಲೆಯಲ್ಲಿ ಬಣ್ಣದ ಪೆನ್ಸಿಲು ಕೊಟ್ಟು ಕೂರಿಸಿದ್ದೆವು. ನಡುವೆ ಗಾಜಿನ ಗೋಡೆ. ರಘು ಗೊತ್ತುವಳಿ ಓದಿದ. ಟೀಚರ್‌ಗೆ ಅದು ಹೊಸ ಸುದ್ದಿ. ಬಸ್ಸಿನಿಂದಿಳಿದು ನಡೆದು ಬಂದಿದ್ದರು. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದವರ ಕೈ ಹಾಗೇ ನಿಂತಿತು.

“ಒತ್ತಡ ಐತಿ ಅಂತ ನಾ ಯಾರಿಗೂ ಹೇಳಿಲ್ರೀ” ಎಂದರು.

“ಮೇಡಂ, ತಪ್ಪು ತಿಳ್ಕೋಬೇಡಿ” ಎಂದಳು ಒಬ್ಬಳು. “ನಮ್ಮ ಮಕ್ಕಳಿಗೆ ಒಂದು ಪದ್ಯ ಬಂದರೆ ಸಾಕು ನಮಗೆ. ಊರಿಗೆ ಫೋನ್ ಮಾಡಿದಾಗ ಅಜ್ಜಿ ಮುಂದೆ ಹೇಳ್ತಾರೆ.”

“ಅಜ್ಜಿ ಮುಂದ ತಮ್ಮ ಮಾತು ಹೇಳಿದ್ರ ಅಜ್ಜಿಗೆ ಬ್ಯಾಡಾಗತೈತೇನ್ರಿ?”

ಆಕೆ ಕೋಣೆಯನ್ನೆಲ್ಲ ಒಮ್ಮೆ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು. “ಕಾಕಾ, ನೀವು ವಾರಾ ಜೋಡೀಲೆ ಬರತಿದ್ರಿ. ನೀವಾದ್ರೂ ಹೇಳ್ರಿ. ನಿಮಗ ಏನ ಕಂಡಿತು ಅದನ್ನ ಹೇಳ್ರಿ ಸಾಕು.”

ಅಷ್ಟರಲ್ಲಿ ಕಿಟಕಿಯ ಗಾಜಿಗೆ ಯಾರೋ ಗೋಲಿ ಎರಚಿದಂತೆ ಸದ್ದಾಯಿತು. ಆಲಿಕಲ್ಲು. ಮೊದಲು ಗೋಲಿ ಗಾತ್ರ, ಆಮೇಲೆ ನಿಂಬೆ ಗಾತ್ರ. ಗಂಡಸರೆಲ್ಲ ಎದ್ದು ಕಿಟಕಿಗೆ ಓಡಿದರು.

“ಅಯ್ಯೋ, ನನ್ನ ಹೊಸ ಕಾರು ಕಣ್ರೀ!”

“ನಿಂದೊಂದೇನಾ? ಹೋಯ್ತು, ಬಾನೆಟ್ ಹೋಯ್ತು ನೋಡು!”

“ಬೇಗ ಮುಗಿಸಿ ರಘು, ಕೈ ಎತ್ತಿಸಿ ಸಾಕು!”

ಕಿಟಕಿಯ ಕಡೆಗೇ ಮುಖ ಮಾಡಿ, ಬೆನ್ನ ಹಿಂದೆ ಯಾರಿದ್ದಾರೆಂದು ನೋಡದೆ, ಎಲ್ಲರೂ ಕೈ ಎತ್ತಿದರು. ನನಗೆ ಮಾತ್ರ ಅಲ್ಲಿ ನೋಡಲು ಯಾವ ಹೊಸ ಕಾರೂ ಇರಲಿಲ್ಲ. ಹುಲ್ಲಿನ ಮೇಲೆ ಬಿಳಿ ಕಲ್ಲುಗಳು ಪುಟಿಯುತ್ತಿದ್ದವು. ಅವನ್ನೇ ನೋಡುತ್ತ ನಾನೂ ಕೈ ಎತ್ತಿದೆ.

ಸದ್ದು ಇಳಿಯುವವರೆಗೆ ಟೀಚರ್ ಕಾದರು. ಆಮೇಲೆ ಎದ್ದು ನಿಂತರು. ದನಿಯಲ್ಲಿ ಸಿಟ್ಟಿರಲಿಲ್ಲ. “ನಾ ಸೋತೀನ್ರೀ, ಖರೇ. ಅದಕ್ಕೇನೂ ಬ್ಯಾಸರಿಲ್ಲ. ಆದ್ರ ಎಲ್ಲಾರೂ ಒಪ್ಪ್ಯಾರ ಅಂತ ಬರಕೊಬ್ಯಾಡ್ರಿ. ನಾ ಒಪ್ಪಿಲ್ಲ ಅಂತ ನನ್ನ ಹೆಸರು ಹಚ್ಚಿ ಬರೀರಿ, ಕಾಕಾ.”

ನಾನು ತಲೆಯಾಡಿಸಿದೆ. ಪೆನ್ನು ತೆರೆದೆ. ಆಕೆಯ ಹೆಸರು ಸೇರಿಸಬೇಕಾದರೆ ‘ಸರ್ವಾನುಮತ’ವನ್ನು ಹೊಡೆದುಹಾಕಬೇಕು. ಅಷ್ಟು ಸ್ವಚ್ಛವಾದ ಪುಟ. ಸೂಚಿಸಿದವರು, ಅನುಮೋದಿಸಿದವರು ಎಂಬಲ್ಲಿ ಇಬ್ಬರ ಹೆಸರು ತುಂಬಿ, ರಘುವಿನ ಸಹಿ ಹಾಕಿಸಿ, ಪುಸ್ತಕ ಮುಚ್ಚಿದೆ. ನಾನು ಏನೋ ಬರೆದದ್ದನ್ನು ಆಕೆ ನೋಡಿದರು. ತಮ್ಮ ಹೆಸರೇ ಎಂದುಕೊಂಡಿರಬೇಕು. ಕೈಮುಗಿದು ಹೊರಟರು. ತಲೆಯೆತ್ತಿದರೆ ಗಾಜಿನ ಗೋಡೆಗೆ ಮೂಗು ಒತ್ತಿಕೊಂಡು ಮೇಘಾ ನಿಂತಿದ್ದಳು.

ಫ್ಲವರ್ ಮೌಂಡ್‌ಗೆ ಕಾರಿನಲ್ಲಿ ಹೋಗುವಾಗ ರಸ್ತೆಯ ಎರಡೂ ಬದಿಗೆ ಆಲಿಕಲ್ಲು ಕರಗುತ್ತ ಬಿದ್ದಿತ್ತು. ಬಿಸಿಲು ಮತ್ತೆ ಬಂದು ಎಲ್ಲದರ ಮೇಲೂ ಹಬೆ ಏಳುತ್ತಿತ್ತು.

“ತಾತ, ನೀನೂ ಕೈ ಎತ್ತಿದೆ?”

“ಎಲ್ರೂ ಎತ್ತಿದ್ರು ಪುಟ್ಟಾ.”

“ಟೀಚರ್ ಎತ್ತಲಿಲ್ಲ.”

ಸ್ವಲ್ಪ ದೂರ ಹೋದ ಮೇಲೆ, “ನನ್ನ ನಾಲ್ಕು ಮಾತು?” ಎಂದಳು.

“ಮನೇಲಿ ಹೇಳುವೆಯಂತೆ. ಅಜ್ಜಿ ಮುಂದೆ.”

ಅವಳು ಮನೆಯಲ್ಲಿ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಹಾಲು ಬೇಕಾ ಎಂದು ಕೇಳಿದರೆ ಇಂಗ್ಲಿಷಿನಲ್ಲಿ ಬೇಡ ಎಂದಳು. ಅಲ್ಲಿಂದ ಇಲ್ಲಿಯವರೆಗೂ ಇಂಗ್ಲಿಷೇ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಇಲ್ಲಿನ ಮಕ್ಕಳೆಲ್ಲ ಹಾಗೆಯೇ ಎಂದು ಮಗಳು ಹೇಳುತ್ತಾಳೆ. ಇರಬಹುದು.

ಯುಗಾದಿ ಕಾರ್ಯಕ್ರಮ ಚೆನ್ನಾಗಿ ಆಯಿತು. ಮೇಘಾ ಎರಡನೇ ಸಾಲಿನಲ್ಲಿ ನಿಂತು ಒಂದು ಅಕ್ಷರ ತಪ್ಪದೆ ಹೇಳಿದಳು. ನನ್ನ ಗಾಡಿಯ ಗುಟ್ಟು ಉಳಿಯಿತು. ಉಳಿದದ್ದು ಎಷ್ಟು ದಿನ ಎಂದರೆ, ಆ ದೀಪಾವಳಿಯ ಹೊತ್ತಿಗೆ ರಘುವಿನ ಕಂಪನಿಯೇ ನಮ್ಮ ಕಟ್ಟಡದ ನಾಲ್ಕನೇ ಮಹಡಿಗೆ ಶಿಫ್ಟ್ ಆಯಿತು. ಒಂದು ಬೆಳಿಗ್ಗೆ ಕಿರ್ ಎನ್ನುತ್ತ ಹೋಗಿ ಒಂದು ಮೇಜಿನ ಮುಂದೆ ನಿಂತರೆ ಅಲ್ಲಿ ಅವನು.

“ಓ ಅಂಕಲ್! ನೀವಾ?” ಎಂದ. ನನ್ನ ಮುಖ ನೋಡಿದ, ಗಾಡಿ ನೋಡಿದ. “ಕಾಫಿ ಕುಡಿದ್ರಾ?” ಎಂದು ಕಾಗದ ಇಸಿದುಕೊಂಡ. ಅಷ್ಟೇ. ಮುಂದಿನ ಸಭೆಯಲ್ಲಿ ನನ್ನ ಕುರ್ಚಿ ಅಲ್ಲೇ ಇತ್ತು. ಪುಸ್ತಕವೂ ಅಲ್ಲೇ ಇತ್ತು. ಟೀಚರನ್ನೇ ಬಲಿಕೊಟ್ಟು ಯಾವ ಗುಟ್ಟನ್ನು ಮುಚ್ಚಿಟ್ಟಿದ್ದೆನೋ ಅದನ್ನು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಟೀಚರ್ ಆ ಬೇಸಿಗೆಯಲ್ಲೇ ಮಕ್ಕಳ ಹಾಳೆಗಳನ್ನೆಲ್ಲ ಒಂದು ಲಕೋಟೆಯಲ್ಲಿ ಹಾಕಿ ನನ್ನ ಹೆಸರಿಗೆ ಕಳಿಸಿದ್ದರು. ಅದು ನನ್ನದೇ ಗಾಡಿಯಲ್ಲಿ ಬಂತು. ಜೊತೆಗೆ ಕಾಗದವೇನೂ ಇರಲಿಲ್ಲ.

ಮತ್ತೆ ಆಕೆಯನ್ನು ನೋಡಿದ್ದು ಒಂದೇ ಸಲ. ೨೦೦೪ರಲ್ಲಿ ಅಕ್ಕನಿಗೆ ಹುಷಾರಿಲ್ಲವೆಂದು ಹ್ಯೂಸ್ಟನ್ನಿಗೆ ಹೋಗಿದ್ದೆ. ಇಂಡಿಯನ್ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಿರುವಾಗ ಬೆನ್ನ ಹಿಂದೆ ದನಿ ಕೇಳಿತು.

“ಆರಾಮ ಅದೀರೇನ್ರಿ ಕಾಕಾ?”

ಓದು ಮುಗಿದಿತ್ತು. ಅಲ್ಲೇ ಒಂದು ಸಣ್ಣ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಕೂದಲು ಕತ್ತರಿಸಿಕೊಂಡಿದ್ದರು. ಈಗ ಹೇಳು, ಈಗಲೇ ಹೇಳು ಎಂದು ಒಳಗೆ ಏನೋ ಸ್ಪಷ್ಟವಾಗಿ ಅಂದಿತು. ತೊರೆಯ ದಂಡೆಯಲ್ಲಿ ಆಕೆ ಹೇಳಿದ್ದ ಆ ಒಳಗಿನ ಮಾತು ಅದೇ. ಅದು ಹೇಗಿರುತ್ತದೆಂದು ನನಗೆ ಗೊತ್ತಿಲ್ಲ ಎನ್ನುವಂತಿಲ್ಲ.

“ಇಲ್ಲಿ ಬದನೆಕಾಯಿ ಬರೀ ಬೀಜ” ಎಂದೆ.

“ಹೌದ್ರಿ. ಮೇಘಾ ಕನ್ನಡ ಮಾತಾಡತಾಳೇನ್ರಿ?”

“ಹ್ಞೂಂ, ಚೆನ್ನಾಗಿ.”

ಆಕೆಯ ಮುಖ ಅರಳಿತು. ಆಮೇಲೆ, ನಾನು ಕೇಳದೆಯೇ, ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ ಹೇಳಿದರು. “ಅವತ್ತು ನೀವು ಬರಕೊಂಡ್ರಲ್ಲ ಕಾಕಾ, ಅದು ನನಗ ಭಾಳ ಧೈರ್ಯ ಕೊಟ್ಟೈತಿ. ಇಲ್ಲಿ ಕೆಲಸದಾಗೂ ಒಬ್ಬಾಕಿನ ನಿಂತು ಬ್ಯಾಡ ಅನ್ನೂ ಹೊತ್ತು ಬರತಾವ. ಆವಾಗ ಅನಕೋತೀನಿ, ಎಲ್ಲೋ ಒಂದು ಪುಸ್ತಕದಾಗ ನನ್ನ ಹೆಸರು ಕುಂತೈತಿ ಅಂತ.”

ನಾನು ಬದನೆಕಾಯಿಯ ತೊಟ್ಟು ಮುರಿಯುತ್ತ ನಿಂತಿದ್ದೆ. ಆಕೆ ಹೋಗಿಬಿಟ್ಟರು.

ಬಳಗದ ಲೆಕ್ಕಪತ್ರವೆಲ್ಲ ಕಂಪ್ಯೂಟರಿಗೆ ಹೋದಾಗ ಹಳೆಯ ನಡವಳಿ ಪುಸ್ತಕ ಯಾರಿಗೂ ಬೇಡವಾಯಿತು. ನನ್ನ ಹತ್ತಿರವೇ ಉಳಿಯಿತು. ಮಗಳ ಮನೆಯವರು ಆಸ್ಟಿನ್ ಕಡೆಗೆ ಬಂದಾಗ ಅದನ್ನು ಪಂಚೆಗಳ ನಡುವೆ ಇಟ್ಟುಕೊಂಡು ಬಂದೆ. ಟೀಚರ್ ಈಗ ಎಲ್ಲಿದ್ದಾರೋ ತಿಳಿಯದು. ಮೇಘಾಗೆ ಹೇಳಿದ್ದರೆ ಹುಡುಕಿಕೊಡುತ್ತಿದ್ದಳು. ಆದರೆ ಯಾಕೆ ಹುಡುಕಬೇಕೆಂದು ಅವಳಿಗೆ ಮೊದಲು ಹೇಳಬೇಕಿತ್ತು.

ಹೋದ ಶನಿವಾರ ಹೇಳಿದೆ. ಅವಳು ಆಸ್ಟಿನ್‌ನಿಂದ ಬಂದಿದ್ದಳು. ನನ್ನ ತೋಳು ಹಿಡಿದು ಮೂರನೇ ಮನೆಯ ತಿರುವಿನವರೆಗೆ ನಡೆಸಿಕೊಂಡು ಬಂದಳು. ಲಾರೆಲ್ ಗಿಡದ ಕೆಳಗೆ ನಿಂತು ಜೇಬಿನಿಂದ ಅವಳ ಹಾಳೆ ತೆಗೆದು ಕೊಟ್ಟೆ. ಪೆನ್ಸಿಲಿನ ದೊಡ್ಡ ದೊಡ್ಡ ಅಕ್ಷರ. ಅವಳು ತಿರುಗಿಸಿ ಮುರುಗಿಸಿ ನೋಡಿ, ಓದಲು ಬರುವುದಿಲ್ಲ, ನೀನೇ ಓದು ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಯಾವ ನಾಲ್ಕು ವಾಕ್ಯವನ್ನು ಯಾರೂ ಕೇಳಬಾರದೆಂದು ಅಷ್ಟೆಲ್ಲ ಮಾಡಿದೆನೋ ಅದನ್ನು ನಡುಬೀದಿಯಲ್ಲಿ ನನ್ನ ಬಾಯಿಂದಲೇ ಓದಿದೆ. ತಾತ ಆಫೀಸಲ್ಲಿ ಗಾಡಿ ತಳ್ಳುತ್ತಾರೆ. ಗಾಡಿ ಕಿರ್ ಅನ್ನುತ್ತೆ. ಮೂರನೆಯದನ್ನು ಹೇಗೋ ಓದಿದೆ. ನಾಲ್ಕನೆಯದಕ್ಕೆ ಹಾಳೆ ಮಡಚಿಬಿಟ್ಟೆ. ಕನ್ನಡಕ ತೆಗೆದು ಒರೆಸಿಕೊಂಡು, ಫೋನು ಮಾಡಿದ್ದು, ಬರೆಯದೆ ಬಿಟ್ಟದ್ದು, ಬದನೆಕಾಯಿಯ ಅಂಗಡಿ, ಎಲ್ಲವನ್ನೂ ಹೇಳಿದೆ. ಅವಳು ತಡೆಯಲಿಲ್ಲ. ಸಮಾಧಾನವನ್ನೂ ಮಾಡಲಿಲ್ಲ. ಗಾಳಿ ಬಂದಾಗಲೆಲ್ಲ ಗೊಂಚಲು ಅಲ್ಲಾಡಿ ಆ ವಾಸನೆ ನಮ್ಮಿಬ್ಬರ ಮೇಲೂ ಬೀಳುತ್ತಿತ್ತು.

ಕೊನೆಗೆ ಅವಳು ಕೇಳಿದ್ದು ಒಂದೇ. ಆಕೆಯ ಹೆಸರೇನು? ತನಗೆ ಟೀಚರ್ ಅಂತಷ್ಟೇ ನೆನಪಿದೆ ಎಂದಳು.

“ಬರೆದು ಕೊಡ್ತೀನಿ” ಎಂದೆ.

ಪುಸ್ತಕ ಈಗ ನನ್ನ ಮುಂದಿದೆ. ಆ ಪುಟ ಇಂದಿಗೂ ಸ್ವಚ್ಛವಾಗಿದೆ, ಶಾಯಿ ಮಾತ್ರ ಕಂದಾಗಿದೆ. ಸಹಿಯಾದ ಪುಟದಲ್ಲಿ ಆಮೇಲೆ ಏನನ್ನೂ ಸೇರಿಸಬಾರದು. ಅದು ನಾನು ಗುಮಾಸ್ತನಾಗಿ ಕಲಿತ ಮೊದಲ ನಿಯಮ. ಆದ್ದರಿಂದ ಅಲ್ಲಿ ಬರೆಯುವುದಿಲ್ಲ, ಇಲ್ಲಿ ಬರೆಯುತ್ತೇನೆ. ಆ ದಿನ ಗೊತ್ತುವಳಿಯನ್ನು ಬಹುಮತದಿಂದ ಅಂಗೀಕರಿಸಲಾಯಿತು. ಪರವಾಗಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಒಪ್ಪದವರು ಒಬ್ಬರು: ಕುಮಾರಿ ಸುವರ್ಣಾ ಬಡಿಗೇರ, ಗದಗ.